ಒಂದು ಹೆಸರು, ಹಲವು ದಿಮ್ಮಿಗಳು: ಅರಿಜೋನಾದ ಕಲ್ಲುಮರಗಳ ಪ್ರಭೇದ ನಿರ್ಣಯದ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿರುವ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲಾಗಿ ಮಾರ್ಪಟ್ಟ ಮರದ ದಿಮ್ಮಿಗಳು ಬೋಳು ದಿಬ್ಬಗಳ ನಡುವೆ ರಾಶಿರಾಶಿಯಾಗಿ ಬಿದ್ದಿವೆ. ಚಿನ್ಲೆ ಎಂಬ ಶಿಲಾಸ್ತರಗಳು ಸವೆದಂತೆ ಹೊರಬಂದ ಈ ಮರಗಳು ಟ್ರಯಾಸಿಕ್ ಕಾಲದ ಉತ್ತರಭಾಗದಲ್ಲಿ, ಅಂದರೆ ಸುಮಾರು 21ರಿಂದ 22 ಕೋಟಿ ವರ್ಷಗಳ ಹಿಂದೆ, ಬೆಳೆದು ಬಿದ್ದು ನದಿಯ ಹೂಳಿನಲ್ಲಿ ಹುದುಗಿದವು. 1889ರಲ್ಲಿ ಇವಕ್ಕೆ ಅರೌಕೇರಿಯೋಕ್ಸಿಲಾನ್ ಅರಿಜೋನಿಕಮ್ ಎಂಬ ಹೆಸರು ಬಂತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಉದ್ಯಾನದ ದೊಡ್ಡ ದಿಮ್ಮಿಗಳಲ್ಲಿ ಬಹುಪಾಲನ್ನು, ಸೂಕ್ಷ್ಮದರ್ಶಕದಡಿ ನೋಡಿದ್ದರೂ ನೋಡದಿದ್ದರೂ, ಅದೇ ಹೆಸರಿನಿಂದ ಕರೆಯುವುದು ರೂಢಿಯಾಯಿತು. ಅರಿಜೋನಾ 1988ರಲ್ಲಿ ಕಲ್ಲುಮರವನ್ನು ರಾಜ್ಯದ ಅಧಿಕೃತ ಪಳೆಯುಳಿಕೆ ಎಂದು ಘೋಷಿಸಿದಾಗ ಅದರ ಜೊತೆಗೆ ಹೇಳಲಾಗುತ್ತಿದ್ದ ವೈಜ್ಞಾನಿಕ ಹೆಸರೂ ಇದೇ. 2007ರಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ರಾಡ್ನಿ ಸ್ಯಾವಿಜ್ ಈ ಹೆಸರಿಗೆ ಆಧಾರವಾಗಿದ್ದ ಮೂಲ ಮಾದರಿಗಳ ಅಂಗರಚನೆಯನ್ನು ಮತ್ತೆ ಪರಿಶೀಲಿಸಿ, ಅವೆಲ್ಲ ಒಂದೇ ಬಗೆಯ ಮರವಲ್ಲವೆಂಬ ನಿರ್ಣಯಕ್ಕೆ ಬಂದರು.

ಈ ಪ್ರಕರಣದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಂದು ಹೆಸರಿಗೆ ಆಧಾರವಾದ ಮಾದರಿಗಳು ತಮ್ಮತಮ್ಮಲ್ಲೇ ಹೊಂದದಿದ್ದರೆ ಆ ಹೆಸರಿನ ಗತಿಯೇನು ಎಂಬುದು ಮೊದಲನೆಯದು. ಎರಡು ತುಂಡುಗಳ ನಡುವೆ ಕಾಣುವ ವ್ಯತ್ಯಾಸ ಎರಡು ಪ್ರಭೇದಗಳ ವ್ಯತ್ಯಾಸವೋ, ಒಂದೇ ಮರದ ಬೇರೆಬೇರೆ ಭಾಗಗಳ ವ್ಯತ್ಯಾಸವೋ ಎಂದು ತೀರ್ಮಾನಿಸುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಾಮಕರಣದ ನಿಯಮಗಳಲ್ಲಿ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಮರದೊಳಗೇ ಸಿಗಬೇಕು. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಅದಕ್ಕೇ ಸಲ್ಲುತ್ತದೆ.

ಹೆಸರು ಬಂದ ಬಗೆ

1853ರ ಕೊನೆಯಲ್ಲಿ ಪಶ್ಚಿಮಕ್ಕೆ ರೈಲುಮಾರ್ಗದ ಸರ್ವೆ ಮಾಡುತ್ತಿದ್ದ ಲೆಫ್ಟಿನೆಂಟ್ ಏಮಿಯಲ್ ವಿಪಲ್ ನೇತೃತ್ವದ ತಂಡ ಈ ದಿಮ್ಮಿಗಳ ನಡುವೆ ಹರಿಯುವ ತೊರೆಯೊಂದಕ್ಕೆ ಲಿಥೋಡೆಂಡ್ರಾನ್, ಅಂದರೆ ಕಲ್ಲುಮರ, ಎಂದು ಹೆಸರಿಟ್ಟಿತು. 1879ರಲ್ಲಿ ಜನರಲ್ ವಿಲಿಯಂ ಶರ್ಮನ್ ಅವರ ಸೂಚನೆಯ ಮೇರೆಗೆ ಲೆಫ್ಟಿನೆಂಟ್ ಹೆಗೆವಾಲ್ಡ್ ಎಂಬ ಅಧಿಕಾರಿ ಅದೇ ತೊರೆಯ ಪ್ರದೇಶದಿಂದ ದಿಮ್ಮಿಗಳನ್ನು ಆರಿಸಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸಾಗಿಸಿದರು. ಆರಿಸುವಾಗ ಅವರ ಉದ್ದೇಶ ಸಾರ್ವಜನಿಕ ಪ್ರದರ್ಶನಕ್ಕೆ ಒಪ್ಪುವ ನೋಟದ ದಿಮ್ಮಿಗಳನ್ನು ತರುವುದಾಗಿತ್ತೇ ಹೊರತು ಜೀವಕೋಶಗಳು ಚೆನ್ನಾಗಿ ಉಳಿದಿರುವ ಮಾದರಿಗಳನ್ನು ಹುಡುಕುವುದಲ್ಲ. ಪ್ರಕರಣದ ಮುಂದಿನ ತೊಡಕುಗಳಲ್ಲಿ ಒಂದಿಷ್ಟು ಇಲ್ಲಿಂದಲೇ ಶುರುವಾಗುತ್ತವೆ ಎಂದು ನನಗೆ ಅನ್ನಿಸುತ್ತದೆ.

ಸಸ್ಯ ಪಳೆಯುಳಿಕೆಗಳ ತಜ್ಞ ಫ್ರಾಂಕ್ ಹಾಲ್ ನೋಲ್ಟನ್ ಅರಿಜೋನಾದ ಈ ದಿಮ್ಮಿಗಳನ್ನೂ ನ್ಯೂ ಮೆಕ್ಸಿಕೋದಿಂದ ಬಂದ ಮಾದರಿಯನ್ನೂ ಒಟ್ಟಿಗೆ ಇಟ್ಟುಕೊಂಡು ನಾಲ್ಕೇ ಪುಟಗಳ ಲೇಖನದಲ್ಲಿ ಹೊಸ ಪ್ರಭೇದವನ್ನು ವರ್ಣಿಸಿದರು. ಆ ಕಾಲದ ಪದ್ಧತಿಯಲ್ಲಿ ಅದು ಅಸಹಜವೇನಲ್ಲ. ಹಲವು ಮಾದರಿಗಳನ್ನು ನೋಡಿ ಒಂದು ವರ್ಣನೆ ಬರೆಯುವುದು, ಅವುಗಳಲ್ಲಿ ಯಾವುದು ಹೆಸರಿನ ನಿಜವಾದ ವಾರಸುದಾರ ಎಂದು ಗೊತ್ತುಮಾಡದೆ ಬಿಡುವುದು ಆಗ ಸಾಮಾನ್ಯವಾಗಿತ್ತು. ಇಂದಿನ ಸಸ್ಯ ನಾಮಕರಣ ಸಂಹಿತೆಯ ಪ್ರಕಾರ ಹೆಸರು ಅಂಟಿಕೊಂಡಿರುವುದು ವರ್ಣನೆಗಲ್ಲ, ಮಾದರಿಗೆ. ಮೂಲ ಲೇಖಕ ಒಂದನ್ನು ಆರಿಸದಿದ್ದರೆ ನಂತರದವರು ಮೂಲ ಮಾದರಿಗಳಲ್ಲೇ ಒಂದನ್ನು ಆರಿಸಿ ಹೆಸರನ್ನು ಅದಕ್ಕೆ ಕಟ್ಟಬೇಕು. ಮಾದರಿಗಳು ಬೇರೆಬೇರೆ ಮರಗಳದ್ದಾಗಿದ್ದರೆ ಮೂಲ ವರ್ಣನೆ ಎಲ್ಲವುಗಳ ಲಕ್ಷಣಗಳನ್ನು ಬೆರೆಸಿದ ಒಂದು ಸಂಯುಕ್ತ ಚಿತ್ರವಾಗಿರುತ್ತದೆ. ಅಂಥ ಮರ ಕಾಡಿನಲ್ಲಿ ಎಂದೂ ಇದ್ದಿರಲಾರದು.

ಮರದಲ್ಲಿ ನೋಡುವುದೇನು

ಕಲ್ಲುಮರವನ್ನು ಗುರುತಿಸಲು ಮೂರು ದಿಕ್ಕಿನ ತೆಳುಛೇದಗಳು ಬೇಕು. ದಿಮ್ಮಿಯನ್ನು ಅಡ್ಡಲಾಗಿ ಕೊಯ್ದದ್ದು ಒಂದು, ತಿರುಳಿನಿಂದ ತೊಗಟೆಯ ಕಡೆಗೆ ಉದ್ದುದ್ದ ಸೀಳಿದ್ದು ಒಂದು, ತೊಗಟೆಗೆ ಸಮಾನಾಂತರವಾಗಿ ಸೀಳಿದ್ದು ಇನ್ನೊಂದು. ಕಲ್ಲಿನ ತುಂಡನ್ನು ಗಾಜಿನ ಮೇಲೆ ಅಂಟಿಸಿ, ಒಂದು ಮಿಲಿಮೀಟರ್‌ನ ನೂರರಲ್ಲಿ ಮೂರು ಭಾಗದಷ್ಟು ತೆಳುವಾಗುವವರೆಗೆ ಉಜ್ಜಿದರೆ ಬೆಳಕು ಹಾಯುತ್ತದೆ, ಜೀವಕೋಶಗಳ ಗೋಡೆಗಳು ಕಾಣತೊಡಗುತ್ತವೆ. ಮೂರರಲ್ಲಿ ತಿರುಳಿನಿಂದ ತೊಗಟೆಯ ಕಡೆಗಿನ ಸೀಳು, ಅಂದರೆ ಅರೀಯ ಛೇದ, ಅತ್ಯಂತ ಮುಖ್ಯವಾದದ್ದು.

ಕೋನಿಫರ್, ಅಂದರೆ ಪೈನ್‌ನಂತೆ ಶಂಕುಗಳಲ್ಲಿ ಬೀಜ ಬಿಡುವ ಗುಂಪಿನ, ಮರದ ದೇಹದ ಬಹುಭಾಗ ಟ್ರೇಕೀಡ್ ಎಂಬ ಉದ್ದನೆಯ, ನೀರು ಸಾಗಿಸುವ ಕೋಶಗಳಿಂದ ಆದದ್ದು. ಈ ಕೋಶಗಳ ಅರೀಯ ಗೋಡೆಗಳಲ್ಲಿ ದುಂಡನೆಯ ಅಂಚುಳ್ಳ ಕುಳಿಗಳಿರುತ್ತವೆ. ಪೈನ್‌ನಂಥ ಮರಗಳಲ್ಲಿ ಕುಳಿಗಳು ಒಂದಕ್ಕೊಂದು ತಗಲದೆ ಬಿಡಿಬಿಡಿಯಾಗಿರುತ್ತವೆ. ಎರಡು ಸಾಲಿದ್ದರೆ ಎದುರುಬದುರಾಗಿ ನಿಲ್ಲುತ್ತವೆ. ಕೋನಿಫರ್‌ಗಳಲ್ಲೇ ಇನ್ನೊಂದು ಕುಟುಂಬವಾದ ಅರೌಕೇರಿಯಾ ಕುಟುಂಬದ ಮರಗಳಲ್ಲಿ ಹಾಗಲ್ಲ: ಕುಳಿಗಳು ಒತ್ತೊತ್ತಾಗಿ ಕೂಡಿಕೊಂಡು, ಎರಡು ಮೂರು ಸಾಲುಗಳಿದ್ದಾಗ ಒಂದು ಬಿಟ್ಟು ಒಂದರಂತೆ ಸೇರಿ, ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆ ಪಡೆಯುತ್ತವೆ. ಟ್ರೇಕೀಡನ್ನು ಅಡ್ಡಲಾಗಿ ಹಾಯುವ ಕಿರಣಗಳು, ಅಂದರೆ ತಿರುಳಿನಿಂದ ಹೊರಮುಖವಾಗಿ ಚಾಚಿರುವ ಆಹಾರ ಸಾಗಣೆಯ ಕೋಶಪಟ್ಟಿಗಳು, ಇನ್ನೊಂದು ಮುಖ್ಯ ಆಧಾರ. ಕಿರಣದ ಕೋಶ ಮತ್ತು ಟ್ರೇಕೀಡ್ ಒಂದರ ಮೇಲೊಂದು ಬರುವ ಚೌಕವನ್ನು ತಜ್ಞರು ಕ್ರಾಸ್‌ಫೀಲ್ಡ್ ಎನ್ನುತ್ತಾರೆ. ಅದರೊಳಗೆ ಕುಳಿಗಳು ಎಷ್ಟು, ಯಾವ ಆಕಾರದವು, ಒಂದಕ್ಕೊಂದು ತಗಲಿವೆಯೇ ಎಂಬುದರ ಮೇಲೆ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ನಿರ್ಣಯ ನಿಂತಿದೆ. ಇವುಗಳ ಜೊತೆಗೆ ಕಿರಣದ ಎತ್ತರ ಮತ್ತು ಅಗಲ, ಅದರ ಗೋಡೆ ನುಣುಪೋ ಗಂಟುಗಂಟೋ, ರಾಳನಾಳಗಳಿವೆಯೇ, ಉದ್ದ ಸಾಲಿನಲ್ಲಿ ಆಹಾರ ಕೂಡಿಡುವ ಪೇರೆಂಕೈಮ ಕೋಶಗಳಿವೆಯೇ, ಬೆಳವಣಿಗೆಯ ಉಂಗುರಗಳು ಸ್ಪಷ್ಟವೇ ಎಂದೆಲ್ಲ ನೋಡಬೇಕಾಗುತ್ತದೆ.

ಒತ್ತಾದ ಕುಳಿಗಳು, ಕ್ರಾಸ್‌ಫೀಲ್ಡ್‌ನಲ್ಲಿ ಹಲವು ಸಣ್ಣ ಕುಳಿಗಳ ಗುಂಪು, ಒಂದೇ ಕೋಶದ ಅಗಲದ ಕಿರಣಗಳು, ರಾಳನಾಳಗಳ ಅಭಾವ ಇವಿಷ್ಟು ಸೇರಿದರೆ ಅದು ಅರೌಕೇರಿಯಾ ಮಾದರಿಯ ಮರ. ಹಾಗೆಂದ ಮಾತ್ರಕ್ಕೆ ಅರೌಕೇರಿಯಾದ ಬಂಧುವೇ ಎಂದು ಹೇಳಲಾಗದು. ಇದೇ ರಚನೆ ಟ್ರಯಾಸಿಕ್‌ಗಿಂತ ಹಿಂದಿನ ಕಾರ್ಬೊನಿಫೆರಸ್ ಕಾಲದ, ಈಗ ಅಳಿದುಹೋಗಿರುವ ಕಾರ್ಡೈಟೀಸ್ ಮರಗಳಲ್ಲಿದೆ, ಅತ್ಯಂತ ಹಳೆಯ ಕೋನಿಫರ್‌ಗಳಲ್ಲಿದೆ, ಭಾರತದ ಕಲ್ಲಿದ್ದಲು ಗಣಿಗಳ ಪಳೆಯುಳಿಕೆಗಳಲ್ಲಿ ಹೇರಳವಾಗಿರುವ ಗ್ಲಾಸಾಪ್ಟೆರಿಸ್ ಗುಂಪಿನ ಮರಗಳಲ್ಲೂ ಇದೆ. ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೂ ಹಿಂದಿನ ಡಿವೋನಿಯನ್ ಕಾಲದ ಕ್ಯಾಲಿಕ್ಸಿಲಾನ್ ಎಂಬ ಕಲ್ಲುಮರದಿಂದ ಬಂದದ್ದು. ಅದು ನೋಡಲು ಕೋನಿಫರ್ ಮರದಂತೆಯೇ ಇತ್ತು. 1960ರಲ್ಲಿ ಚಾರ್ಲ್ಸ್ ಬೆಕ್ ಆ ಮರಕ್ಕೆ ಆರ್ಕಿಯಾಪ್ಟೆರಿಸ್ ಎಂಬ ಜರೀಗಿಡದಂಥ ಗರಿ ಅಂಟಿಕೊಂಡೇ ಇರುವ ಮಾದರಿಯನ್ನು ಪ್ರಕಟಿಸಿದಾಗ, ಬೀಜವೇ ಇಲ್ಲದೆ ಬೀಜಾಣುಗಳಿಂದ ವಂಶ ಬೆಳೆಸುತ್ತಿದ್ದ ಸಸ್ಯವೂ ಕೋನಿಫರ್‌ನಂಥ ಮರ ಕಟ್ಟಬಲ್ಲದು ಎಂದು ಸಾಬೀತಾಯಿತು. ಅಷ್ಟು ಹೊತ್ತಿಗೆ ಗರಿಗೂ ಮರಕ್ಕೂ ಬೇರೆಬೇರೆ ಹೆಸರುಗಳು ದಶಕಗಳಿಂದ ಬಳಕೆಯಲ್ಲಿದ್ದವು. ಎಲೆ, ಕಾಯಿ ಜೊತೆಗಿಲ್ಲದ ಬರಿಯ ಮರಕ್ಕೆ ಕೋನಿಫರ್ ಮಾದರಿಯ ಮರ ಎಂಬ ಎಚ್ಚರದ ಹೆಸರನ್ನೇ ಬಳಸುವುದು ಈ ಕಾರಣಕ್ಕೆ.

ಒಂದೇ ಮರದೊಳಗಿನ ಭೇದ

ಪ್ರಭೇದಗಳ ವಿಚಾರಕ್ಕೆ ಬಂದಾಗ ತೊಡಕು ಇನ್ನೂ ಬಿಗಿಯಾಗುತ್ತದೆ. ಕುಲವನ್ನು ಬೇರ್ಪಡಿಸುವ ಲಕ್ಷಣಗಳು ಇದೆ ಅಥವಾ ಇಲ್ಲ ಎಂಬ ಬಗೆಯವು. ಪ್ರಭೇದವನ್ನು ಬೇರ್ಪಡಿಸಲು ಬಳಸಿದ ಲಕ್ಷಣಗಳು ಬಹುಮಟ್ಟಿಗೆ ಅಳತೆಗೆ ಸಂಬಂಧಿಸಿದವು. ಕಿರಣ ಎಷ್ಟು ಕೋಶ ಎತ್ತರ, ಕುಳಿಗಳು ಒಂದು ಸಾಲೋ ಎರಡು ಸಾಲೋ, ಟ್ರೇಕೀಡ್‌ನ ಅಗಲ ಎಷ್ಟು ಎಂಬುವು ಅಂಥವು. ಇವೆಲ್ಲ ಒಂದೇ ಮರದೊಳಗೆ ಜಾಗದಿಂದ ಜಾಗಕ್ಕೆ ಬದಲಾಗುತ್ತವೆ.

ಜರ್ಮನಿಯ ಕಾರ್ಲ್ ಸಾನಿಯೋ 1872ರಲ್ಲಿ ಸ್ಕಾಟ್ಸ್ ಪೈನ್ ಮರದ ಮೇಲೆ ನಡೆಸಿದ ಅಳತೆಗಳಿಂದ ಇದು ಗೊತ್ತಾಗಿದೆ. ತಿರುಳಿನ ಬಳಿ ಟ್ರೇಕೀಡ್‌ಗಳು ಗಿಡ್ಡ. ಹೊರಗಿನ ಉಂಗುರಗಳಿಗೆ ಹೋದಂತೆ ಉದ್ದವಾಗುತ್ತಾ ಹೋಗಿ, ಕೆಲವು ದಶಕಗಳ ಬೆಳವಣಿಗೆಯ ನಂತರ ಒಂದು ಮಟ್ಟದಲ್ಲಿ ನಿಲ್ಲುತ್ತವೆ. ಕಾಂಡದ ಬುಡದಿಂದ ಮೇಲಕ್ಕೆ ಹೋದಾಗಲೂ ಒಂದು ಎತ್ತರದವರೆಗೆ ಉದ್ದ ಹೆಚ್ಚಿ, ಮತ್ತೆ ತುದಿಯತ್ತ ಕಡಿಮೆಯಾಗುತ್ತದೆ. ಕೊಂಬೆಯ ಕೋಶಗಳು ಕಾಂಡದವಕ್ಕಿಂತ ಚಿಕ್ಕವು. ಬೇರಿನ ಕತೆ ಇದಕ್ಕೆ ವಿರುದ್ಧ. ಅಲ್ಲಿ ಟ್ರೇಕೀಡ್‌ಗಳು ಅಗಲ, ಗೋಡೆಗಳು ತೆಳು. ಅಗಲ ಹೆಚ್ಚಿದ್ದರಿಂದ ಕುಳಿಗಳ ಸಾಲುಗಳೂ ಹೆಚ್ಚು. ಕೊಂಬೆಯಲ್ಲಿ ಒಂದೇ ಸಾಲು ಕುಳಿ ತೋರುವ ಮರ ತನ್ನ ಬೇರಿನಲ್ಲಿ ಎರಡು ಮೂರು ಸಾಲು ತೋರಬಲ್ಲದು. ಎಳೆಯ ಮರದಲ್ಲಿ, ತಿರುಳಿನ ಸುತ್ತ, ಕಿರಣಗಳು ಸಾಮಾನ್ಯವಾಗಿ ಗಿಡ್ಡ. ಬಲಿತ ಮರದಲ್ಲಿ ಎತ್ತರ. ಹಾಗಾಗಿ ಒಂದೇ ಮರದ ಕೊಂಬೆಯ ತುಂಡನ್ನೂ ಬೇರಿನ ತುಂಡನ್ನೂ ಗುರುತು ಹೇಳದೆ ಇಬ್ಬರು ತಜ್ಞರ ಮುಂದೆ ಇಟ್ಟರೆ, ಹಳೆಯ ಪದ್ಧತಿಯಂತೆ ಎರಡು ಪ್ರಭೇದಗಳು ಹುಟ್ಟಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇಳಿಜಾರಿನಲ್ಲಿ ಬಾಗಿದ ಕಾಂಡ ಅಥವಾ ಭಾರ ಹೊತ್ತ ಕೊಂಬೆಯ ಕೆಳಬದಿಯಲ್ಲಿ ಕೋನಿಫರ್‌ಗಳು ಸಂಕೋಚನ ಮರವೆಂಬ ವಿಶೇಷ ಮರವನ್ನು ಕಟ್ಟುತ್ತವೆ. ಅಲ್ಲಿ ಟ್ರೇಕೀಡ್‌ಗಳ ಅಡ್ಡಛೇದ ದುಂಡಗಾಗಿ, ನಡುವೆ ಸಂದುಗಳು ಉಳಿದು, ಗೋಡೆಯಲ್ಲಿ ಓರೆಯಾದ ಸುರುಳಿ ಬಿರುಕುಗಳು ಬೀಳುತ್ತವೆ. ಪಳೆಯುಳಿಕೆಯಲ್ಲಿ ಈ ಬಿರುಕುಗಳನ್ನು, ಬೇರೆ ಕೆಲವು ಮರಗಳಲ್ಲಿ ಸಹಜವಾಗಿ ಇರುವ ಸುರುಳಿ ದಪ್ಪಪಟ್ಟಿಗಳೆಂದು ತಿಳಿಯುವ ಅಪಾಯವಿದೆ. ಹಾಗೆ ತಿಳಿದರೆ ಪ್ರಭೇದವಷ್ಟೇ ಅಲ್ಲ, ಕುಲವೇ ತಪ್ಪಿಹೋಗುತ್ತದೆ. 2005ರಲ್ಲಿ ಹೊವಾರ್ಡ್ ಫಾಲ್ಕನ್-ಲ್ಯಾಂಗ್ ಒಂದೇ ಮರದೊಳಗಿನ ಅಂಗರಚನೆಯ ವ್ಯತ್ಯಾಸ ಕಲ್ಲುಮರಗಳ ವರ್ಗೀಕರಣಕ್ಕೂ ಪ್ರಾಚೀನ ಹವಾಮಾನದ ಅಧ್ಯಯನಕ್ಕೂ ಏನು ಮಾಡುತ್ತದೆ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಬರೆದರು. ಸಾನಿಯೋ ಅಳತೆ ಮಾಡಿ 130 ವರ್ಷಗಳು ಕಳೆದ ಮೇಲೂ ಅದನ್ನು ಮತ್ತೆ ಒತ್ತಿ ಹೇಳಬೇಕಾಯಿತು ಎಂಬುದೇ ಕಲ್ಲುಮರಗಳ ಕ್ಷೇತ್ರದ ಸ್ಥಿತಿಯನ್ನು ತೋರಿಸುತ್ತದೆ.

ಅರಿಜೋನಾದ ಮರಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಕೂಡಿಕೊಂಡಿದೆ. ಜೆಫ್ರಿ ಕ್ರೀಬರ್ ಮತ್ತು ಸಿಡ್ನಿ ಆಷ್ 1990ರಲ್ಲಿ ಈ ಪ್ರದೇಶದ ಟ್ರಯಾಸಿಕ್ ಮರಗಳಿಗೆ ಶಿಲೀಂಧ್ರಗಳ ಹಾವಳಿ ವ್ಯಾಪಕವಾಗಿತ್ತೆಂದು ತೋರಿಸಿದರು. ಶಿಲೀಂಧ್ರ ಕೋಶಗೋಡೆಯ ಒಳಪದರಗಳನ್ನು ತಿಂದುಹಾಕಿದಾಗ ಕುಳಿಗಳ ಅಂಚು ಅಳಿಸಿಹೋಗುತ್ತದೆ. ಉಳಿದ ತೆಳುಗೋಡೆಯನ್ನು ನೋಡಿ ಮರವೇ ತೆಳುಗೋಡೆಯದಾಗಿತ್ತು ಎನ್ನಿಸುತ್ತದೆ. ಬಳಿಕ ಜ್ವಾಲಾಮುಖಿಯ ಬೂದಿಯಿಂದ ಕರಗಿ ಬಂದ ಸಿಲಿಕಾ ಮರದೊಳಗೆ ಸೇರಿ ಕಾಲಕ್ರಮೇಣ ಸ್ಫಟಿಕವಾಯಿತು. ನಿಧಾನವಾಗಿ, ಗೋಡೆಗಳು ಕೆಡುವ ಮೊದಲೇ ತುಂಬಿಕೊಂಡ ಜಾಗದಲ್ಲಿ ಕೋಶರಚನೆ ಉಳಿದಿದೆ. ಕೊಳೆತು ಟೊಳ್ಳಾದ ಮೇಲೆ ದೊಡ್ಡ ಹರಳುಗಳು ಬೆಳೆದ ಜಾಗದಲ್ಲಿ ಬಣ್ಣವಿದೆ, ಅಂಗರಚನೆ ಇಲ್ಲ. ಕಬ್ಬಿಣದ ಸಂಯುಕ್ತಗಳಿಂದ ಬಂದ ಕೆಂಪು ಹಳದಿ ಬಣ್ಣಗಳಿಗೆ ಹೆಸರಾದ ದಿಮ್ಮಿಗಳಲ್ಲೇ ಹಲವು ಅಂಗರಚನೆಯ ದೃಷ್ಟಿಯಿಂದ ಬಡವಾಗಿವೆ. ಒಂದೇ ದಿಮ್ಮಿಯಲ್ಲಿ ಒಂದು ಅಂಗೈ ಅಗಲದ ಅಂತರದಲ್ಲಿ ಈ ಎರಡೂ ಸ್ಥಿತಿ ಸಿಗಬಹುದು. ಹೀಗೆ ತುಂಡಿನಿಂದ ತುಂಡಿಗೆ ಕಾಣುವ ವ್ಯತ್ಯಾಸದಲ್ಲಿ ಮರದ ವಂಶಕ್ಕೆ ಸಲ್ಲಬೇಕಾದದ್ದೆಷ್ಟು, ಮರದಲ್ಲಿ ಆ ತುಂಡು ಇದ್ದ ಜಾಗಕ್ಕೆ ಸಲ್ಲಬೇಕಾದದ್ದೆಷ್ಟು, ಸತ್ತ ಮೇಲಿನ ಕೊಳೆಗೂ ಕಲ್ಲಾಗುವ ಕ್ರಮಕ್ಕೂ ಸಲ್ಲಬೇಕಾದದ್ದೆಷ್ಟು ಎಂದು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ.

ಮರುಪರಿಶೀಲನೆ

ನೋಲ್ಟನ್ ನಂತರ ಎಲ್ಲ ದಿಮ್ಮಿಗಳೂ ಒಂದೇ ಹೆಸರಿನೊಳಗೆ ಹೋದವು ಎಂದರೆ ಪೂರ್ತಿ ನಿಜವಲ್ಲ. ಹಾರ್ವರ್ಡ್‌ನ ಎಡ್ವರ್ಡ್ ಚಾರ್ಲ್ಸ್ ಜೆಫ್ರಿ 1910ರಲ್ಲಿ ವುಡ್‌ವರ್ತಿಯಾ ಅರಿಜೋನಿಕಾ ಎಂಬುದನ್ನು ಬೇರೆ ಮಾಡಿದರು. ಗಿಡ್ಡ ಕವಲುಗಳ ಕುರುಹುಗಳು ಆ ಮರದ ದಪ್ಪವನ್ನು ಹಾಯ್ದು ಹೊರಮೈವರೆಗೂ ಉಳಿದು, ಕಾಂಡದ ಮೇಲೆ ಸಣ್ಣ ಗುಳಿಗಳಾಗಿ ಬರಿಗಣ್ಣಿಗೂ ಕಾಣುತ್ತವೆ. 1934ರಲ್ಲಿ ಲೈಮನ್ ಡಾಹರ್ಟಿ ವರ್ಣಿಸಿದ ಶಿಲ್ಡೇರಿಯಾ ಅಡಮಾನಿಕಾ ತನ್ನ ಅಗಲವಾದ ಕಿರಣಗಳಿಂದ ಬೇರೆಯಾಗಿ ನಿಲ್ಲುತ್ತದೆ. ಈ ಎರಡು ಹೆಸರುಗಳು ಇಂದಿಗೂ ಹೆಚ್ಚು ವಿವಾದವಿಲ್ಲದೆ ಉಳಿದಿವೆ. ನನ್ನ ದೃಷ್ಟಿಯಲ್ಲಿ ಅದಕ್ಕೆ ಕಾರಣ ಅವು ಅಳತೆಯ ಸಣ್ಣಪುಟ್ಟ ಏರುಪೇರಿನ ಮೇಲೆ ನಿಂತಿಲ್ಲದಿರುವುದು. ಇಡೀ ಮರ ತನ್ನನ್ನು ಕಟ್ಟಿಕೊಂಡ ಕ್ರಮವೇ ಅಲ್ಲಿ ಲಕ್ಷಣವಾಗಿದೆ. ಉಳಿದ ದಿಮ್ಮಿಗಳೆಲ್ಲ ಮಾತ್ರ ಬೇರೆ ಯಾವುದೂ ಅಲ್ಲ ಎಂಬ ಒಂದೇ ಕಾರಣದಿಂದ ಅರಿಜೋನಿಕಮ್ ಆಗುತ್ತಾ ಬಂದವು.

ಆಷ್ ಮತ್ತು ಕ್ರೀಬರ್ 2000ದಲ್ಲಿ ಈ ದೊಡ್ಡ ದಿಮ್ಮಿಗಳನ್ನೇ ಆಧರಿಸಿ ಮರದ ಪೂರ್ಣರೂಪವನ್ನು ಮರುರಚಿಸಿದರು. ಅವರ ಪ್ರಕಾರ ಮರ 59 ಮೀಟರ್‌ವರೆಗೆ ಎತ್ತರ ಬೆಳೆಯಬಲ್ಲದಾಗಿತ್ತು, ಬುಡದ ವ್ಯಾಸ ಸುಮಾರು ಮೂರು ಮೀಟರ್ ಮುಟ್ಟುತ್ತಿತ್ತು. ತಾಯಿಬೇರು ನೇರವಾಗಿ ಇಳಿದಿದ್ದು ಅದರ ಸುತ್ತ ಪಕ್ಕದ ಬೇರುಗಳ ಬಳಗವಿತ್ತು. ಕೊಂಬೆಗಳು ಕಾಂಡದ ಮೇಲೆ ಅಲ್ಲಲ್ಲಿ ಚದುರಿಕೊಂಡಿದ್ದವು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಅರೌಕೇರಿಯಾ ಮರಗಳನ್ನು ನೋಡಿದವರಿಗೆ ಅವುಗಳ ಕೊಂಬೆಗಳು ಒಂದೊಂದು ಎತ್ತರದಲ್ಲಿ ಸುತ್ತುಸುತ್ತಾಗಿ ಹೊರಡುವುದು ಗೊತ್ತಿರುತ್ತದೆ. ಅರಿಜೋನಾದ ಮರ ಹಾಗಿರಲಿಲ್ಲ. ಹೆಸರಿನಲ್ಲಿ ಅರೌಕೇರಿಯಾ ಇದ್ದರೂ ಮರದ ಚಹರೆಯಲ್ಲಿ ಅದು ಇರಲಿಲ್ಲವೆಂದು ಇದರಿಂದ ತೋರಿತು. ಅವರ ಈ ಮರುರಚನೆ ಒಂದೇ ಪ್ರಭೇದ ಎಂಬ ಊಹೆಯನ್ನು ಹಾಗೆಯೇ ಇಟ್ಟುಕೊಂಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಬುಡ ಒಂದು ದಿಮ್ಮಿಯಿಂದ, ತುದಿ ಇನ್ನೊಂದರಿಂದ ಬಂದಿದ್ದರೆ ಎರಡೂ ಒಂದೇ ಬಗೆಯ ಮರ ಎಂಬ ನಂಬಿಕೆಯ ಮೇಲೆಯೇ ಅಂಥ ಚಿತ್ರ ನಿಲ್ಲುತ್ತದೆ.

ಸ್ಯಾವಿಜ್ ಬೇರೆ ದಾರಿಯಿಂದ ಬಂದವರು. ಜೀವಂತ ಮರಗಳಲ್ಲಿ ಮರ ಹೇಗೆ ರೂಪುಗೊಳ್ಳುತ್ತದೆ ಎಂಬುದು ಅವರ ಮೂಲ ಕ್ಷೇತ್ರ. 2006ರಲ್ಲಿ ಅವರು ಇದೇ ಉದ್ಯಾನದಿಂದ ಎರಡು ಹೊಸ ಕೋನಿಫರ್‌ಗಳನ್ನೂ ಗಿಂಕ್ಗೋ ಬಳಗದ ಒಂದು ಮರವನ್ನೂ ವರ್ಣಿಸಿದರು. ಆಷ್ ಜೊತೆಗೂಡಿ ಆರ್ಬೊರಾಮೋಸಾ ಎಂಬ ಮತ್ತೊಂದು ವಿಚಿತ್ರ ಮರವನ್ನು ಹೆಸರಿಸಿದರು. ಮರುವರ್ಷ ನೋಲ್ಟನ್‌ನ ಮೂಲ ಮಾದರಿಗಳನ್ನು ಉದ್ಯಾನದ ಮರಗಳೊಂದಿಗೆ ಹೋಲಿಸಿದಾಗ ಮೂಲ ಮಾದರಿಗಳೇ ಪರಸ್ಪರ ಹೊಂದುವುದಿಲ್ಲ, ಒಂದೇ ಹೆಸರಿನಡಿ ಸೇರಿಸಿದ ಮರಗಳು ಒಂದಕ್ಕಿಂತ ಹೆಚ್ಚು ಬಗೆಯವು ಎಂದು ತೀರ್ಮಾನಿಸಿ, ಪುಲ್ಲಿಸಿಲ್ವಾಕ್ಸಿಲಾನ್, ಸಿಲಿಸಿಸಿಲ್ವಾಕ್ಸಿಲಾನ್ ಮುಂತಾದ ಹೊಸ ಕುಲಗಳನ್ನು ಸ್ಥಾಪಿಸಿದರು.

ಗುಡ್ಡೆಹಾಕುವವರು, ಬಿಡಿಸುವವರು

ಸ್ಯಾವಿಜ್ ಬಿಡಿಸುತ್ತಿದ್ದ ಹೊತ್ತಿಗೇ ಅರೌಕೇರಿಯಾ ಮಾದರಿಯ ಮರಗಳ ಜಾಗತಿಕ ಪಟ್ಟಿಯನ್ನು ನೋಡುತ್ತಿದ್ದವರು ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಿದ್ದರು. ಇಂಥ ಮರಕ್ಕೆ ಎಂಡ್ಲಿಷರ್ 1847ರಲ್ಲಿ ಡ್ಯಾಡೋಕ್ಸಿಲಾನ್, ಹಾರ್ಟಿಗ್ 1848ರಲ್ಲಿ ಅಗಥೋಕ್ಸಿಲಾನ್, ಕ್ರೌಸ್ 1870ರಲ್ಲಿ ಅರೌಕೇರಿಯೋಕ್ಸಿಲಾನ್ ಎಂದು ಹೆಸರಿಟ್ಟಿದ್ದರು. ಮೂರೂ ಕುಲಗಳಡಿ ಪ್ರಪಂಚದಾದ್ಯಂತ ಪ್ರಭೇದಗಳು ಸೇರುತ್ತಾ ಹೋಗಿ, ಅರೌಕೇರಿಯೋಕ್ಸಿಲಾನ್ ಬಗೆಯವೇ 400ಕ್ಕೂ ಹೆಚ್ಚಾದವು. ಫ್ರಾನ್ಸ್‌ನ ಮಾರ್ಕ್ ಫಿಲಿಪ್ 2011ರಲ್ಲಿ ಇವುಗಳಲ್ಲಿ ನಿಜವಾಗಿ ಎಷ್ಟು ಪ್ರಭೇದಗಳಿವೆ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿದರು. 2014ರಲ್ಲಿ ರೋನಿ ರೋಸ್ಲರ್ ಮತ್ತಿತರರು ತಜ್ಞರ ನಡುವೆ ಅಭಿಪ್ರಾಯ ಸಂಗ್ರಹ ನಡೆಸಿ, ಮೂರು ಹೆಸರುಗಳಲ್ಲಿ ಯಾವುದನ್ನು ಬಳಸಬೇಕೆಂದು ಕೇಳಿದಾಗ ಅಗಥೋಕ್ಸಿಲಾನ್ ಕಡೆಗೆ ಹೆಚ್ಚಿನ ಒಲವು ಕಂಡಿತು. ಆಗಿನಿಂದ ನೋಲ್ಟನ್‌ನ ಪ್ರಭೇದವೂ ಹಲವರ ಬರಹದಲ್ಲಿ ಅಗಥೋಕ್ಸಿಲಾನ್ ಅರಿಜೋನಿಕಮ್ ಆಗಿದೆ.

ಈ ಎರಡು ಪ್ರವೃತ್ತಿಗಳನ್ನು ಪರಸ್ಪರ ವಿರೋಧಿಗಳೆಂದು ನೋಡುವುದು ಸುಲಭ. ವಾಸ್ತವದಲ್ಲಿ ಎರಡೂ ಒಂದೇ ಕೊರತೆಯಿಂದ ಹುಟ್ಟಿದವು. ಇಂದು ಬದುಕಿರುವ ಅರೌಕೇರಿಯಾ, ಅಗಾಥಿಸ್ ಮತ್ತು 1994ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾದ ವೊಲ್ಲೆಮಿಯಾ ಸೇರಿ ಈ ಕುಟುಂಬದಲ್ಲಿ ಸುಮಾರು 40 ಪ್ರಭೇದಗಳಿವೆ. ಎಲೆ, ಕಾಯಿ ಇದ್ದರೆ ಅವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಮರದ ತೆಳುಛೇದ ಮಾತ್ರ ಕೊಟ್ಟರೆ ಪ್ರಭೇದದ ಮಟ್ಟಕ್ಕೆ ಹೋಗುವುದು ಬಹುತೇಕ ಅಸಾಧ್ಯ. ಕುಲಗಳನ್ನು ಬೇರೆ ಮಾಡುವುದೇ ತಿಣುಕಾಟ. ಆದ್ದರಿಂದ ಕಲ್ಲುಮರದ ಒಂದು ಹೆಸರಿನ ಹಿಂದೆ ಹಲವು ಜೈವಿಕ ಪ್ರಭೇದಗಳಿರಬಹುದು, ಹಾಗೆಯೇ ಹಲವು ಹೆಸರುಗಳ ಹಿಂದೆ ಒಂದೇ ಮರದ ಬೇರು, ಬೊಡ್ಡೆ, ಕೊಂಬೆಗಳಿರಬಹುದು. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. 400 ಎಂಬ ಸಂಖ್ಯೆಯನ್ನು ಕಡಿಮೆ ಮಾಡಿದ ಮಾತ್ರಕ್ಕೆ ಕಾಡಿನಲ್ಲಿ ಇದ್ದ ಮರಗಳ ಬಗೆಗಳ ಲೆಕ್ಕ ಸರಿಯಾಗುವುದಿಲ್ಲ, ಹೆಚ್ಚಿಸಿದ ಮಾತ್ರಕ್ಕೂ ಆಗುವುದಿಲ್ಲ.

ಪ್ರಕರಣದ ವಿಮರ್ಶೆ

ಸ್ಯಾವಿಜ್ ಅವರ ಕೆಲಸವನ್ನು ಎರಡು ಭಾಗ ಮಾಡಿ ತೂಗುವುದು ನ್ಯಾಯ. ಮೂಲ ಮಾದರಿಗಳು ಮಿಶ್ರವಾಗಿವೆ ಎಂಬ ಶೋಧನೆ ಗಟ್ಟಿಯಾಗಿದೆ. ಬೇರೆಬೇರೆ ರಾಜ್ಯಗಳಿಂದ, ಬೇರೆಬೇರೆ ಸಂಗ್ರಹಗಳಿಂದ ಬಂದ ತುಂಡುಗಳನ್ನು ಒಂದೇ ಪ್ರಭೇದವೆಂದು ಸೇರಿಸಿದ್ದಕ್ಕೆ ಮೊದಲಿನಿಂದಲೂ ಬಲವಾದ ಆಧಾರವಿರಲಿಲ್ಲ. ಸೇರಿಸಿದವರೇ ಅದನ್ನು ಸಮರ್ಥಿಸಬೇಕಾಗಿತ್ತು. ಉದ್ಯಾನದ ಸಾವಿರಾರು ದಿಮ್ಮಿಗಳನ್ನು, ತೆಳುಛೇದ ನೋಡದೆ, ಒಂದೇ ಹೆಸರಿನಿಂದ ಕರೆಯುವ ರೂಢಿಗೆ ಈ ಕೆಲಸದ ನಂತರ ಸಮರ್ಥನೆ ಉಳಿದಿಲ್ಲ.

ಹೊಸ ಕುಲಗಳ ವಿಷಯದಲ್ಲಿ ಅಷ್ಟು ಖಚಿತವಾಗಿ ಮಾತಾಡಲಾರೆ. ಮಾದರಿಗಳಲ್ಲಿ ವ್ಯತ್ಯಾಸವಿದೆ ಎಂಬುದು ಒಂದು ಮಾತು, ಆ ವ್ಯತ್ಯಾಸ ಕುಲದ ಮಟ್ಟದ್ದು ಎಂಬುದು ಬೇರೆಯೇ ಮಾತು. ನದಿ ಹೊತ್ತು ತಂದ ದಿಮ್ಮಿಗಳಲ್ಲಿ ಬಹುಪಾಲು ತೊಗಟೆ ಕಳಚಿದವು, ಕೊಂಬೆ ಮುರಿದವು. ಎಲೆ ಅಥವಾ ಕಾಯಿ ಅಂಟಿಕೊಂಡು ಸಿಕ್ಕಿದ್ದಿಲ್ಲ. ಒಂದು ತುಂಡು ತಿರುಳಿನಿಂದ ಎಷ್ಟು ದೂರದ್ದು, ಬುಡದಿಂದ ಎಷ್ಟು ಎತ್ತರದ್ದು, ಅದರ ಗೋಡೆಗಳನ್ನು ಶಿಲೀಂಧ್ರ ಮುಟ್ಟಿತ್ತೇ ಎಂಬ ಮೂರು ಸಂಗತಿ ಗೊತ್ತಿಲ್ಲದೆ ಅದರ ಅಂಗರಚನೆಯನ್ನು ಇನ್ನೊಂದರ ಜೊತೆ ಹೋಲಿಸಿದರೆ, ಹೋಲಿಕೆಯ ಫಲಿತಾಂಶ ಏನನ್ನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ಈ ಆಕ್ಷೇಪ ಸ್ಯಾವಿಜ್‌ಗೆ ಮಾತ್ರ ಅನ್ವಯಿಸುವುದಲ್ಲ. ಹಿಂದಿನ 400 ಪ್ರಭೇದಗಳಲ್ಲಿ ಬಹುಪಾಲಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಇದನ್ನು ಬಗೆಹರಿಸಲು ಬೇಕಾದ ಸಾಮಗ್ರಿ ಅರಿಜೋನಾದಲ್ಲೇ ಇದೆ ಎಂಬುದು ಪ್ರಕರಣದ ವಿಶೇಷ. ಜಗತ್ತಿನ ಹೆಚ್ಚಿನ ಕಡೆ ಕಲ್ಲುಮರ ಸಿಗುವುದು ಅಂಗೈ ಗಾತ್ರದ ಚೂರುಗಳಾಗಿ. ಇಲ್ಲಿ ಬೇರಿನ ಬುಡ ಸಮೇತ ಹತ್ತಾರು ಮೀಟರ್ ಉದ್ದದ ದಿಮ್ಮಿಗಳು ಮಲಗಿವೆ, ಬ್ಲ್ಯಾಕ್ ಫಾರೆಸ್ಟ್ ಎಂಬ ಭಾಗದಲ್ಲಿ ಬೆಳೆದ ಜಾಗದಲ್ಲೇ ನಿಂತ ಬೊಡ್ಡೆಗಳೂ ಇವೆ. ಒಂದೇ ದಿಮ್ಮಿಯನ್ನು ಹಿಡಿದು ಬೇರಿನ ಬುಡ, ಕಾಂಡದ ಕೆಳಭಾಗ, ನಡುಭಾಗ, ತುದಿ ಹೀಗೆ ಹಲವು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ತಿರುಳಿನಿಂದ ಹೊರಮೈವರೆಗೆ ಸಾಲಾಗಿ ಮಾದರಿ ತೆಗೆದು, ಪ್ರತಿಯೊಂದರಲ್ಲೂ ಸಾಕಷ್ಟು ಕೋಶಗಳನ್ನು ಅಳೆದು, ಸರಾಸರಿಯನ್ನಷ್ಟೇ ಅಲ್ಲ, ಕನಿಷ್ಠ ಗರಿಷ್ಠಗಳನ್ನೂ ದಾಖಲಿಸಬೇಕು. ಆಗ ಆ ಒಂದು ಮರದ ಕುಳಿ ಸಾಲುಗಳು, ಕಿರಣದ ಎತ್ತರ, ಟ್ರೇಕೀಡ್‌ನ ಅಗಲ ಎಷ್ಟರಿಂದ ಎಷ್ಟರವರೆಗೆ ಹರಡುತ್ತವೆ ಎಂದು ತಿಳಿಯುತ್ತದೆ. ಪಕ್ಕದ ದಿಮ್ಮಿಯನ್ನೂ ಹಾಗೆಯೇ ಅಳೆದ ಮೇಲೆ, ಎರಡರ ನಡುವಿನ ಅಂತರ ಒಂದರೊಳಗಿನ ಹರವನ್ನು ಮೀರಿದ್ದರೆ ಮಾತ್ರ ಅದನ್ನು ಇನ್ನೊಂದು ಪ್ರಭೇದ ಎನ್ನಲು ಆಧಾರ ಸಿಕ್ಕಂತೆ. ಕ್ರಾಸ್‌ಫೀಲ್ಡ್ ಕುಳಿಗಳ ಬಗೆ, ಕಿರಣದ ಗೋಡೆಯ ಗುಣ, ತಿರುಳಿನ ರಚನೆ, ಕವಲಿನ ಕುರುಹುಗಳ ಹಂಚಿಕೆ ಇವು ಅಳತೆಯ ಲಕ್ಷಣಗಳಿಗಿಂತ ಸ್ಥಿರವಾದವು; ಇವುಗಳಲ್ಲಿ ಭೇದ ಕಂಡರೆ ಅದಕ್ಕೆ ಹೆಚ್ಚಿನ ತೂಕ ಕೊಡಬೇಕು. ಸ್ಪಷ್ಟ ಬೆಳವಣಿಗೆ ಉಂಗುರಗಳು ಈ ಮರಗಳಲ್ಲಿ ಇಲ್ಲವೆಂದೇ ಹೇಳಬಹುದು. ಅಲ್ಲಲ್ಲಿ ಕಾಣುವ ಅನಿಯತ ತಡೆಗಳು ಹವಾಮಾನದ ಏರುಪೇರಿಗೆ ಸಂಬಂಧಿಸಿದವು, ಪ್ರಭೇದ ನಿರ್ಣಯಕ್ಕೆ ಅವನ್ನು ಬಳಸುವುದು ಸರಿಯಲ್ಲ.

ಹೀಗೆ ಕೆಲಸ ಮಾಡಿದಾಗ ಪುಲ್ಲಿಸಿಲ್ವಾಕ್ಸಿಲಾನ್‌ನಂಥ ಹೆಸರುಗಳಲ್ಲಿ ಕೆಲವು ಉಳಿಯಬಹುದು, ಕೆಲವು ಒಂದೇ ಮರದ ಬೇರೆ ಭಾಗಗಳೆಂದು ಗೊತ್ತಾಗಿ ಬಿದ್ದುಹೋಗಬಹುದು. ನನ್ನ ಊಹೆ ಏನೆಂದರೆ, ಉಳಿಯುವ ಸಂಖ್ಯೆ ಒಂದಕ್ಕಿಂತ ಹೆಚ್ಚು, ಇಂದಿನ ಪಟ್ಟಿಗಿಂತ ಕಡಿಮೆ ಇರುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ಕಲ್ಲುಮರ ಕತ್ತರಿಸಲು ಅನುಮತಿ ಬೇಕು, ಅದು ಸುಲಭವಾಗಿ ಸಿಗುವಂಥದ್ದಲ್ಲ, ಸಿಗಲೂ ಬಾರದು. ಹಾಗಾಗಿ ಹತ್ತಾರು ದಿಮ್ಮಿಗಳಿಂದ ಒಂದೊಂದು ಚೂರು ತೆಗೆಯುವುದಕ್ಕಿಂತ ಎರಡು ಮೂರು ದಿಮ್ಮಿಗಳನ್ನು ಪೂರ್ತಿಯಾಗಿ ಅಳೆಯುವ ಯೋಜನೆಗೆ ಅನುಮತಿ ಕೇಳುವುದು ವಿಜ್ಞಾನಕ್ಕೂ ಉದ್ಯಾನಕ್ಕೂ ಒಳಿತು.

ಅಲ್ಲಿಯವರೆಗೆ ಬಿಡಿ ತುಂಡುಗಳಿಗೆ ಹೆಸರು ಕೊಡುವಾಗ ಕುಲದ ಮಟ್ಟದಲ್ಲಿ ನಿಲ್ಲುವುದು ಒಳ್ಳೆಯದು. ಉದ್ಯಾನದ ಹೊರಗಿನ ಖಾಸಗಿ ಜಮೀನುಗಳಲ್ಲಿ ಅಗೆದು, ಕೊಯ್ದು, ಮೆರುಗು ಕೊಟ್ಟ ಬಿಲ್ಲೆಗಳು ಇಂದಿಗೂ ಅರೌಕೇರಿಯೋಕ್ಸಿಲಾನ್ ಅರಿಜೋನಿಕಮ್ ಎಂಬ ಚೀಟಿಯೊಂದಿಗೆ ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ಆ ಚೀಟಿ ಬಣ್ಣವನ್ನೂ ಊರನ್ನೂ ನೋಡಿ ಬರೆದದ್ದು. ತೆಳುಛೇದ ಮಾಡಿ ಅರೌಕೇರಿಯಾ ಮಾದರಿಯ ಕುಳಿಗಳು ಕಂಡರೆ ಅಗಥೋಕ್ಸಿಲಾನ್ ಬಗೆಯ ಮರ, ಚಿನ್ಲೆ ಸ್ತರ, ಮರದಲ್ಲಿನ ಸ್ಥಾನ ಗೊತ್ತಿಲ್ಲ ಎಂದು ಬರೆಯಬಹುದು. ಕುಳಿಗಳು ಕಾಣದಿದ್ದರೆ ಕಲ್ಲುಮರ, ಅರಿಜೋನಾ ಎಂದಷ್ಟೇ ಬರೆದರೆ ಸಾಕು.